ಅಂಕಿತ ಕೊನೆಗಿರುತ್ತದೆ

ರಾಯಚೂರಿನಿಂದ ಮಾನ್ವಿ ದಾರಿಯ ಬಸ್ಸು ಹತ್ತಿದ ನೀರಮಾನ್ವಿಯವರು ಟಿಕೆಟ್ ಕೇಳುವಾಗ ಊರ ಹೆಸರಿನ ಮೊದಲೆರಡು ಅಕ್ಷರಗಳನ್ನು ಒತ್ತಿ ಹೇಳಬೇಕು. ‘ನೀರ’ ಎಂಬುದು ಗದ್ದಲದಲ್ಲಿ ಕಂಡಕ್ಟರ್ ಕಿವಿಗೆ ಬೀಳದೆ ಹೋದರೆ ಮಾನ್ವಿಗೇ ಟಿಕೆಟ್ ಹರಿದೀತು. ಅದೇ ಊರಿಗೆ ಕಾಗದ ಬರೆಯುವಾಗ ಮಾತ್ರ ಕೊನೆಯ ಸಾಲಿಗೆ ಹೆಚ್ಚು ತೂಕ. ನೀರಮಾನ್ವಿ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ, ಅದರ ಕೆಳಗೆ ಪಿನ್‌ಕೋಡ್. ಬೆಂಗಳೂರಿನಲ್ಲೋ ಪುಣೆಯಲ್ಲೋ ಅಂಚೆ ವಿಂಗಡಿಸುವವರು ಮೊದಲು ನೋಡುವುದು 584 ಎಂದು ಶುರುವಾಗುವ ಆ ಆರಂಕಿಯನ್ನು. ಊರ ಹೆಸರು ನೋಡುವ ಸರದಿ ಬರುವುದು ಕಾಗದ ಮಾನ್ವಿ ಮುಟ್ಟಿದ ಮೇಲೆ. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂದಾಗಿನಿಂದ ಕಾಗದದ ಪಯಣವೆಲ್ಲ ಹೀಗೆ ವಿಳಾಸವನ್ನು ತುದಿಯಿಂದ ಹಿಂದಕ್ಕೆ ಓದುತ್ತಲೇ ನಡೆದಿದೆ.

ಅಂತರ್ಜಾಲಕ್ಕೆ ಹೊಸದಾಗಿ ಕಾಲಿಡುವವರಿಗೆ ಎಲ್ಲಕ್ಕಿಂತ ಮೊದಲು ಕಲಿಸಬೇಕಾದದ್ದು ಈ ಓದನ್ನೇ.

ನೀರಮಾನ್ವಿಯ ಒಂದು ಮನೆಯ ಕಟ್ಟೆ ಎಂದುಕೊಳ್ಳಿ. ಹೆಸರು ಬೇಡ, ಮಾನ್ವಿ, ದೇವದುರ್ಗ ಸೀಮೆಯಲ್ಲಿ ಇಂಥ ಕಟ್ಟೆಗಳು ಊರಿಗೆ ಹತ್ತಾರು ಇವೆ. ಅರವತ್ತೈದು ದಾಟಿದ ತಾತ, ಪಿಯುಸಿ ಓದುವ ಮೊಮ್ಮಗಳು, ಇಬ್ಬರ ನಡುವೆ ಗಾಜು ಬಿರುಕುಬಿಟ್ಟ ಒಂದು ಫೋನು. ತಾತನಿಗೆ ಫೋನು ಹೊಸದೇನಲ್ಲ. ಯೂಟ್ಯೂಬಿನಲ್ಲಿ ಬಯಲಾಟ ನೋಡುತ್ತಾರೆ, ಬೆಂಗಳೂರಿಗೆ ದುಡಿಯಲು ಹೋದ ಮಗನ ಮುಖವನ್ನು ವಾಟ್ಸ್ಯಾಪಿನಲ್ಲಿ ನೋಡುತ್ತಾರೆ, ಯಲ್ಲಮ್ಮನ ಜಾತ್ರೆಯ ಫೋಟೊಗಳನ್ನು ಬೀಗರಿಗೆ ಕಳಿಸುತ್ತಾರೆ. ಆದರೆ ತಮ್ಮ ಹೊಲದ ಪಹಣಿ ಇದೇ ಫೋನಿನಲ್ಲಿ ಸಿಗುತ್ತದೆ ಎಂದು ಮೊಮ್ಮಗಳು ಹೇಳಿದರೆ ನಂಬಿಕೆ ಬಾರದು. ಪಹಣಿ ಅಂದರೆ ಮಾನ್ವಿಗೆ ಹೋಗಬೇಕು, ಹೋದರೆ ಒಂದು ದಿನದ ಕೆಲಸ ಕೆಟ್ಟಿತು. ಅವರು ಕಂಡದ್ದು ಅಷ್ಟು.

“ಇದರಾಗ ಹೊಲ ಕಾಣ್ತೈತೇನವ್ವಾ?”

“ಹೊಲ ಕಾಣಂಗಿಲ್ಲ ತಾತ, ಹೊಲದ ಕಾಗದ ಕಾಣ್ತೈತಿ. ಮ್ಯಾಲ ಒಂದು ಉದ್ದನ್ನ ಪಟ್ಟಿ ಐತಿ ನೋಡು, ಅದನ್ನ ಒತ್ತು.”

ಆ ಉದ್ದನೆಯ ಪಟ್ಟಿಯನ್ನು ತಾತ ಇಲ್ಲಿಯವರೆಗೆ ಒಮ್ಮೆಯೂ ಒತ್ತಿರಲಿಲ್ಲ. ಅದಕ್ಕೊಂದು ಕಾರಣವಿದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಂಸ್ಥೆ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗ ಅದು ದೊಡ್ಡ ಊರುಗಳ ಸರಕಾಗಿತ್ತು. ಆಮೇಲೆ ತಾಲ್ಲೂಕು ಕೇಂದ್ರಗಳಲ್ಲಿ ಸೈಬರ್ ಅಂಗಡಿಗಳು ಬಂದವು. ಅಲ್ಲಿ ತಾಸಿಗಿಷ್ಟು ಎಂದು ದುಡ್ಡು ಕೊಟ್ಟು ಕೂತ ಹುಡುಗರು ಮೂರು ಡಬ್ಲ್ಯು ಒತ್ತಿ, ಚುಕ್ಕೆ ಇಟ್ಟು, ವಿಳಾಸ ಬರೆಯುವುದನ್ನು ಕಲಿತರು. ಹಳ್ಳಿಯ ಬಹಳಷ್ಟು ಜನರಿಗೆ ಇಂಟರ್‌ನೆಟ್ ಕೈಗೆಟುಕಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ. ಅವರು ನೇರವಾಗಿ ವಿಡಿಯೊಕ್ಕೆ, ಆ್ಯಪಿಗೆ, ಫಾರ್ವರ್ಡಿಗೆ ಬಂದರು. ವಿಳಾಸ ಬರೆಯುವ ತರಗತಿಯೇ ಅವರ ಪಾಲಿಗೆ ತಪ್ಪಿಹೋಯಿತು. ಅದು ಅವರ ದಡ್ಡತನವಲ್ಲ. ಯಾರೂ ಆ ಪಾಠ ಮಾಡಲಿಲ್ಲ.

ಹೀಗಾಗಿ ಮೂರು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ‘ಗೂಗಲ್‌ನಾಗ ಹಾಕು’ ಎಂದರೆ ಅದು ಇಂಟರ್‌ನೆಟ್ಟೂ ಹೌದು, ಬ್ರೌಸರೂ ಹೌದು, ಹುಡುಕಾಟವೂ ಹೌದು. ಬಿಡಿಸಿ ಹೇಳಿದರೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿ ಇದು. ಇಂಟರ್‌ನೆಟ್ ಎಂಬುದು ರಸ್ತೆ. ಕ್ರೋಮ್, ಫೈರ್‌ಫಾಕ್ಸ್ ಮುಂತಾದ ಬ್ರೌಸರುಗಳು ಆ ರಸ್ತೆಯ ಮೇಲಿನ ಬಂಡಿಗಳು. ಗೂಗಲ್ ಹುಡುಕಾಟ ಎಂಬುದು ದಾರಿ ಗೊತ್ತಿಲ್ಲದಾಗ ಕೇಳುವ ಅಗಸೆಕಟ್ಟೆ. ಹೋಗಬೇಕಾದ ಮನೆ ಗೊತ್ತಿದ್ದವರು ಅಗಸೆಯಲ್ಲಿ ನಿಂತು ಕೇಳಬೇಕಾಗಿಲ್ಲ. ಪಟ್ಟಿಯಲ್ಲಿ ಪೂರ್ತಿ ವಿಳಾಸವನ್ನು ಚುಕ್ಕೆ ಸಮೇತ ಬರೆದರೆ ಬಂಡಿ ನೆಟ್ಟಗೆ ಆ ಮನೆಗೇ ಹೋಗುತ್ತದೆ. ಚುಕ್ಕೆಯಿಲ್ಲದೆ ಬರೀ ‘ಪಹಣಿ’ ಎಂದು ಬರೆದರೆ ಅಗಸೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಹತ್ತು ಜನ ಹತ್ತು ದಾರಿ ತೋರಿಸುತ್ತಾರೆ.

ಆ ಹತ್ತರಲ್ಲಿ ಮೊದಲು ಕೈ ಎತ್ತುವವರು ದುಡ್ಡು ಕೊಟ್ಟು ಮುಂದೆ ಬಂದವರಾಗಿರಬಹುದು. ಅಂಥ ಉತ್ತರದ ಮೇಲೆ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದಿರುತ್ತದೆ. ಅದು ಜಾಹೀರಾತು. ಇತ್ತೀಚೆಗೆ ಅದರ ಮೇಲೊಂದು ಯಂತ್ರವೇ ಬರೆದ ಉತ್ತರವೂ ಕಾಣಿಸಿಕೊಳ್ಳುತ್ತಿದೆ. ಅದು ಸರಿಯಿರಬಹುದು, ತಪ್ಪಿರಲೂಬಹುದು. ಹೊಸಬರು ಎರಡನ್ನೂ ದಾಟಿ ಕೆಳಗೆ ಬರುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಇನ್ನು ಬ್ಯಾಂಕಿನದೋ ಗ್ಯಾಸಿನದೋ ಫೋನ್ ನಂಬರನ್ನಂತೂ ಹುಡುಕಾಟದ ಪುಟದಿಂದ ಎತ್ತಿಕೊಳ್ಳಲೇಬಾರದು. ಪಾಸ್‌ಬುಕ್ಕಿನ ಮೇಲೆ, ಎಟಿಎಂ ಕಾರ್ಡಿನ ಹಿಂದೆ, ಗ್ಯಾಸ್ ಪುಸ್ತಕದಲ್ಲಿ ಅಚ್ಚಾದ ನಂಬರೇ ನಂಬರು.

ಕರ್ನಾಟಕದವರಿಗೆ ಇದರ ಪಾಠ ದೊಡ್ಡ ಮಟ್ಟದಲ್ಲಿ ಆದದ್ದು ಬೈಕು, ಟ್ರ್ಯಾಕ್ಟರುಗಳ ನಂಬರ್ ಪ್ಲೇಟಿನ ಕಾಲಕ್ಕೆ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯ ಎಂದು 2023ರಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಮೊದಲ ಗಡುವು ಆ ವರ್ಷದ ನವೆಂಬರ್ 17. ಆಮೇಲೆ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಗಡುವಿನ ಗಾಬರಿಯಲ್ಲಿ ಜನ ಗೂಗಲ್ ತೆರೆದು ಮೊದಲು ಕಂಡದ್ದನ್ನು ಒತ್ತಿದರು. ನಕಲಿ ಜಾಲತಾಣಗಳು ಹುಟ್ಟಿಕೊಂಡಿದ್ದವು. ದುಡ್ಡು ಕಟ್ಟಿದವರಿಗೆ ಪ್ಲೇಟೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಸಾರಿಗೆ ಇಲಾಖೆ ತನ್ನದೇ ತಾಣದ ಮೂಲಕ ಹೋಗಿ ಎಂದು ಎಚ್ಚರಿಸಬೇಕಾಯಿತು. ಅಸಲಿ ತಾಣದ ವಿಳಾಸ ‘ಟ್ರಾನ್ಸ್‌ಪೋರ್ಟ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತಿತ್ತು. ನಕಲಿಗಳಲ್ಲಿ ಬಣ್ಣವಿತ್ತು, ಲಾಂಛನವಿತ್ತು. ಕೊನೆ ಮಾತ್ರ ಬೇರೆಯಿತ್ತು.

ಕೊನೆ ನೋಡಬೇಕು ಎಂಬುದು ಮಾನ್ವಿ ಸೀಮೆಗೆ ಹೊಸ ಮಾತಲ್ಲ. ಇದು ದಾಸರ ನೆಲ. ವಿಜಯದಾಸರು ಹುಟ್ಟಿದ ಚೀಕಲಪರವಿ, ಜಗನ್ನಾಥದಾಸರು ಹುಟ್ಟಿದ ಬ್ಯಾಗವಾಟ ಎರಡೂ ಮಾನ್ವಿ ತಾಲ್ಲೂಕಿನವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಭಜನೆಯಲ್ಲಿ ಯಾರೋ ಒಂದು ಪದ ಎತ್ತಿಕೊಂಡಾಗ ಅದು ಯಾರದೆಂದು ತಿಳಿಯಲು ಇಲ್ಲಿನವರು ಕೊನೆಯ ನುಡಿಗೆ ಕಾಯುತ್ತಾರೆ. ‘ವಿಜಯವಿಠಲ’ ಎಂದು ಬಂದರೆ ವಿಜಯದಾಸರದು, ‘ಗೋಪಾಲವಿಠಲ’ ಎಂದರೆ ಗೋಪಾಲದಾಸರದು, ‘ಜಗನ್ನಾಥವಿಠಲ’ ಎಂದರೆ ಹರಿಕಥಾಮೃತಸಾರ ಬರೆದವರದು. ನಡುವೆ ವಿಠಲ ಎಂಬ ಹೆಸರು ಎಷ್ಟು ಸಲ ಬಂದರೂ ಅದು ಅಂಕಿತವಾಗದು. ಅಂಕಿತ ಕೊನೆಗಿರುತ್ತದೆ.

ಜಾಲತಾಣದ ವಿಳಾಸವೂ ಥೇಟ್ ಹಾಗೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಕಂಪ್ಯೂಟರುಗಳ ಹೆಸರುಗಳಿಗೆ ಒಂದು ವ್ಯವಸ್ಥೆ ರೂಪಿಸಿದರು. ಅದರಲ್ಲಿ ದೊಡ್ಡ ಘಟಕ ಬಲತುದಿಗೆ, ಸಣ್ಣದು ಎಡಕ್ಕೆ, ನಡುವೆ ಚುಕ್ಕೆ. ಪಹಣಿಯ ತಾಣವನ್ನೇ ತೆಗೆದುಕೊಂಡರೆ, ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ತುದಿಯ ‘ಇನ್’ ಭಾರತದ್ದು. ಅದರ ಹಿಂದಿನ ‘ಗವ್’ ಸರ್ಕಾರದ್ದು. ‘ಗವ್ ಡಾಟ್ ಇನ್’ ಎಂಬ ಜೋಡಿ ಸರ್ಕಾರಿ ಸಂಸ್ಥೆಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ಅದರ ಹಿಂದೆ ರಾಜ್ಯ, ಅದರ ಹಿಂದೆ ಭೂದಾಖಲೆ. ನೀರಮಾನ್ವಿ, ಮಾನ್ವಿ, ರಾಯಚೂರು, ಕರ್ನಾಟಕ ಎಂದು ಬರೆದ ಲಕೋಟೆಯ ಕ್ರಮವೇ ಅದು.

ಮೋಸ ಮಾಡುವವನು ಎಡಗಡೆಯಲ್ಲಿ ಏನನ್ನು ಬೇಕಾದರೂ ಬರೆಯಬಲ್ಲ. ‘ಕರ್ನಾಟಕ’ ಎನ್ನಬಹುದು, ‘ಸೇವಾಸಿಂಧು’ ಎನ್ನಬಹುದು, ‘ಗವ್’ ಎಂಬುದನ್ನೂ ಚುಕ್ಕೆಯ ಬದಲು ಅಡ್ಡಗೆರೆ ಹಾಕಿ ಸೇರಿಸಬಹುದು. ಬಲತುದಿಯನ್ನು ಮಾತ್ರ ಅವನು ಸರ್ಕಾರದ್ದನ್ನಾಗಿ ಮಾಡಲಾರ. ‘ಸೇವಾಸಿಂಧು, ಅಡ್ಡಗೆರೆ, ಕರ್ನಾಟಕ, ಅಡ್ಡಗೆರೆ, ಗವ್, ಚುಕ್ಕೆ, ಎಕ್ಸ್‌ವೈಝಡ್’ ಎಂದಿದ್ದರೆ ಅದರ ಅಂಕಿತ ಎಕ್ಸ್‌ವೈಝಡ್, ಹಿಂದಿನದೆಲ್ಲ ಅಲಂಕಾರ. ಇಲ್ಲಿ ಒಂದು ಸೂಕ್ಷ್ಮ ಉಂಟು. ವಿಳಾಸ ಉದ್ದವಾಗಿದ್ದರೆ ‘ಕೊನೆ’ ಎಂಬುದು ಯಾವುದು? ಆರಂಭದ ಜೋಡಿ ಓರೆಗೆರೆಗಳನ್ನು ಬಿಟ್ಟು, ಮುಂದೆ ಮೊದಲು ಸಿಗುವ ಒಂಟಿ ಓರೆಗೆರೆಯವರೆಗೆ ಮಾತ್ರ ಓದಬೇಕು. ಅದರಾಚೆಗಿನದು ಮನೆಯೊಳಗಿನ ಕೋಣೆಗಳ ಹೆಸರು. ಆ ಒಂಟಿ ಗೆರೆಯ ಎಡಕ್ಕೆ ಅಂಟಿಕೊಂಡದ್ದೇ ಅಂಕಿತ. ಫೋನಿನ ಪಟ್ಟಿ ಚಿಕ್ಕದಾದ್ದರಿಂದ ವಿಳಾಸ ಪೂರ್ತಿ ಕಾಣುವುದಿಲ್ಲ. ಅದರ ಮೇಲೊಮ್ಮೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ.

ಬೀಗದ ಚಿತ್ರವಿದ್ದರೆ ಸಾಕು, ತಾಣ ನಂಬಿಕಸ್ತ ಎಂದು ಹೇಳಿಕೊಡುವವರು ಇನ್ನೂ ಇದ್ದಾರೆ. ಆ ಪಾಠವನ್ನು ಬಿಡಬೇಕು. ಬೀಗ ಹೇಳುತ್ತಿದ್ದದ್ದು ಫೋನಿನಿಂದ ತಾಣದವರೆಗಿನ ದಾರಿಯಲ್ಲಿ ಯಾರೂ ಇಣುಕಲಾರರು ಎಂದಷ್ಟೆ. ಬಾಯಿ ಹೊಲಿದ ಭತ್ತದ ಚೀಲ ದಾರಿಯಲ್ಲಿ ಸೋರುವುದಿಲ್ಲ, ಸರಿ. ಅದನ್ನು ಇಳಿಸಿಕೊಳ್ಳುವವನು ಕಳ್ಳನೋ ಸಾಹುಕಾರನೋ ಎಂಬುದನ್ನು ಹೊಲಿಗೆ ಹೇಳದು. ಕಳ್ಳನ ತಾಣಕ್ಕೂ ಬೀಗ ಬಿಟ್ಟಿಯಾಗಿ ಸಿಗುತ್ತದೆ. ಜನ ಅದನ್ನು ತಪ್ಪಾಗಿ ತಿಳಿಯುತ್ತಾರೆಂದೇ 2023ರ ಸೆಪ್ಟೆಂಬರಿನಲ್ಲಿ ಗೂಗಲ್ ಕ್ರೋಮಿನಿಂದ ಆ ಬೀಗದ ಗುರುತನ್ನು ತೆಗೆದುಹಾಕಿತು.

ಕಟ್ಟೆಯ ಮೇಲೆ ಈಗ ಪಹಣಿಯ ತಾಣ ತೆರೆದಿದೆ. ಅದರ ಹಿಂದೆ ಇಪ್ಪತ್ತೈದು ವರ್ಷದ ಕಥೆಯಿದೆ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು, 67 ಲಕ್ಷ ರೈತರ ಹೆಸರಿನವು, ಕಂಪ್ಯೂಟರಿಗೆ ಏರಿಸಿದ್ದು ಕರ್ನಾಟಕದ ‘ಭೂಮಿ’ ಯೋಜನೆ. 2000ದ ಸುಮಾರಿಗೆ ತಾಲ್ಲೂಕು ಕಚೇರಿಗಳಲ್ಲಿ ಕಿಯಾಸ್ಕ್ ಕಿಟಕಿಗಳು ತೆರೆದು, 15 ರೂಪಾಯಿಗೆ ಅಚ್ಚಾದ ಪ್ರತಿ ಕೈಗೆ ಬಂದಾಗ ಅದು ದೇಶದಲ್ಲೇ ಸುದ್ದಿಯಾಗಿತ್ತು. ಆ ಕಿಟಕಿ ಇಂದು ಅಂಗೈಗೆ ಬಂದಿದೆ. ಪಹಣಿಯನ್ನು ಬರಿದೆ ನೋಡಲು ದುಡ್ಡು ಬೇಕಿಲ್ಲ; ಬ್ಯಾಂಕಿಗೋ ಕಚೇರಿಗೋ ಕೊಡುವ ಸಹಿಯುಳ್ಳ ಪ್ರತಿಗೆ ಮಾತ್ರ ಶುಲ್ಕ.

ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದರ ಕೆಳಗೊಂದು ಕೇಳುತ್ತ ಹೋಗುತ್ತದೆ. ಇದು ತಾತನಿಗೆ ಮೊಮ್ಮಗಳಿಗಿಂತ ಚೆನ್ನಾಗಿ ಗೊತ್ತು. ಸರ್ವೆ ನಂಬರಂತೂ ನಾಲಿಗೆಯ ತುದಿಯಲ್ಲಿದೆ. ತೊಡಕು ಬರುವುದು ಮುಂದಿನ ಮನೆಯಲ್ಲಿ: ‘ಸರ್‌ನೋಕ್’ ಎಂದು ಅಲ್ಲಿ ಬರೆದಿರುತ್ತದೆ. ಹೊಸಬರೆಲ್ಲ ಇಲ್ಲಿಯೇ ಕೈಬಿಟ್ಟು ಎದ್ದುಹೋಗುತ್ತಾರೆ. ಒತ್ತಿ ನೋಡಿದರೆ ಬಹಳಷ್ಟು ಹೊಲಗಳಿಗೆ ಅಲ್ಲಿ ಇರುವುದು ಬರೀ ಒಂದು ನಕ್ಷತ್ರದ ಗುರುತು. ಅದನ್ನೇ ಆರಿಸಿದರೆ ಹಿಸ್ಸಾ ನಂಬರಿಗೆ ದಾರಿಯಾಗುತ್ತದೆ. ಆಮೇಲೆ ಅವಧಿ, ವರ್ಷ. ತಿಳಿಯದ ಒಂದು ಶಬ್ದ ಎದುರಾದ ಕೂಡಲೇ ತನಗಿದು ಆಗುವುದಲ್ಲ ಎಂದು ಹಿಂದೆ ಸರಿಯುವವರು ಎಷ್ಟು ಮಂದಿ! ಒಂದು ನಕ್ಷತ್ರದ ಮುಂದೆ ನಿಂತುಬಿಟ್ಟವರಿಗಾಗಿ ಯಾರಾದರೂ ಪಕ್ಕದಲ್ಲಿ ಕೂತಿರಬೇಕು, ಆದರೆ ಫೋನು ಕಲಿಯುವವರ ಕೈಯಲ್ಲೇ ಇರಬೇಕು. ‘ಕೊಡಿಲ್ಲಿ, ನಾ ಮಾಡ್ತೀನಿ’ ಎಂದು ಕಿತ್ತುಕೊಂಡ ಮೊಮ್ಮಕ್ಕಳಿಂದ ಯಾವ ಅಜ್ಜ ಅಜ್ಜಿಯೂ ಏನನ್ನೂ ಕಲಿತಿಲ್ಲ.

ಬಿಳಿ ಪುಟ, ನಡುವೆ ತಿರುಗುವ ಚಕ್ರ. “ಸರ್ವರ್ ಡೌನ್ ಐತಿ” ಎಂಬ ಮಾತನ್ನು ಗ್ರಾಮ ಒನ್ ಕೇಂದ್ರದಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಎಲ್ಲರೂ ಕೇಳಿಬಂದಿದ್ದಾರೆ. ಸರ್ವರ್ ಎಂದರೆ ಎಲ್ಲೋ ದೂರದಲ್ಲಿ ಕೂತು ಉತ್ತರ ಕೊಡುವ ಕಂಪ್ಯೂಟರು. ಒಂದೇ ಗಳಿಗೆಯಲ್ಲಿ ಲಕ್ಷಾಂತರ ಜನ ಬಾಗಿಲು ತಟ್ಟಿದರೆ ಅದೂ ಉಸಿರುಗಟ್ಟುತ್ತದೆ. 2023ರ ಜೂನ್ 18ರಂದು ಗೃಹಜ್ಯೋತಿಯ ನೋಂದಣಿ ತೆರೆದಾಗ ಸೇವಾಸಿಂಧು ತಾಣ ಕುಂಟಿದ್ದು ಹೀಗೆಯೇ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ‘ಕೆಎಆರ್ ರಿಸಲ್ಟ್ಸ್ ಡಾಟ್ ಎನ್ಐಸಿ ಡಾಟ್ ಇನ್’ ತಾಣ ಏದುಸಿರು ಬಿಡುವುದೂ ಅದಕ್ಕೇ. ಅಂಥ ಹೊತ್ತಿನಲ್ಲಿ ಬೇರೆ ತಾಣ ಹುಡುಕಿಕೊಂಡು ಹೋಗಬಾರದು. ನಕಲಿಗಳು ಕಾದಿರುವುದು ಆ ಆತುರಕ್ಕೆ. ಒಂದು ತಾಸು ಬಿಟ್ಟು, ಇಲ್ಲವೇ ಬೆಳಗಿನ ಜಾವ, ಅದೇ ಬಾಗಿಲನ್ನು ತಟ್ಟಿದರೆ ತೆರೆದೀತು. ಹಣ ಕಟ್ಟುವ ನಡುವೆ ಚಕ್ರ ನಿಂತರಂತೂ ಮತ್ತೊಮ್ಮೆ ಒತ್ತುವ ಮೊದಲು ಖಾತೆಯಿಂದ ಹಣ ಹೋಗಿದೆಯೇ ಎಂದು ನೋಡಿಕೊಳ್ಳಬೇಕು.

ತಾನಾಗಿ ಹುಡುಕಿಕೊಂಡು ಹೋಗುವ ಪುಟಗಳ ಮಾತಾಯಿತು. ಮನೆಬಾಗಿಲಿಗೆ ತಾವೇ ಬರುವ ಲಿಂಕುಗಳದ್ದು ಬೇರೆ ಕಥೆ. ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಮೂರು ಕಂತಿನಲ್ಲಿ ಬರುವುದು ಊರಿಗೆಲ್ಲ ಗೊತ್ತು. ಆ ಹೆಸರಿನ ಒಂದು ಕಡತ ವಾಟ್ಸ್ಯಾಪಿಗೆ ಬರುತ್ತದೆ. ಇನ್ನೊಮ್ಮೆ ಅದು ಮದುವೆಯ ಆಮಂತ್ರಣ, ಮತ್ತೊಮ್ಮೆ ಟ್ರಾಫಿಕ್ ದಂಡದ ಚಲನ್. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂಬ ಮೂರಕ್ಷರ. ಇಲ್ಲಿಯೂ ಅಂಕಿತ ಕೊನೆಗೇ ಇದೆ ನೋಡಿ. ಲಗ್ನಪತ್ರಿಕೆ ಫೋಟೊ ಆಗಿರುತ್ತದೆ ಇಲ್ಲವೇ ಪಿಡಿಎಫ್ ಆಗಿರುತ್ತದೆ. ಎಪಿಕೆ ಎಂದರೆ ಫೋನಿನೊಳಗೆ ಸೇರಿಕೊಳ್ಳುವ ಒಂದು ಪೂರ್ತಿ ಆ್ಯಪು. ಅದನ್ನು ಒಳಗೆ ಬಿಟ್ಟುಕೊಂಡು ಅನುಮತಿ ಕೊಟ್ಟರೆ ಅದು ಬ್ಯಾಂಕಿನ ಓಟಿಪಿ ಸಂದೇಶಗಳನ್ನು ಕದ್ದು ಓದಬಲ್ಲದು. ಕಳಿಸಿದವರು ಪರಿಚಯದವರೇ ಆಗಿದ್ದರೂ ಒತ್ತಬಾರದು, ಏಕೆಂದರೆ ಅವರ ಫೋನು ಕೆಟ್ಟದ್ದರಿಂದಲೇ ಅದು ಎಲ್ಲರಿಗೂ ಹರಡುತ್ತಿರಬಹುದು. ಒಂದು ಫೋನ್ ಮಾಡಿ “ಅಣ್ಣಾ, ಇದು ನೀನೇ ಕಳಿಸಿದ್ದೇನು?” ಎಂದು ಕೇಳಿದರೆ ಇಬ್ಬರಿಗೂ ಉಪಕಾರ.

ಯಾವುದೋ ಪುಟ ತೆರೆದಾಗ ‘ನಿಮ್ಮ ಫೋನಿಗೆ ವೈರಸ್ ತಗಲಿದೆ’ ಎಂದು ಕೆಂಪಕ್ಷರ ಮಿನುಗಿದರೆ ಅದು ಆ ಪುಟದ ಕಿತಾಪತಿ. ಆ ಪುಟ ಮುಚ್ಚಿದರೆ ಮುಗಿಯಿತು. ‘ಅನುಮತಿಸಿ’, ‘ನಿರ್ಬಂಧಿಸಿ’ ಎಂದು ಕೇಳಿದರೆ, ಏಕೆ ಕೇಳುತ್ತಿದೆ ಎಂದು ತಿಳಿಯದಿದ್ದಾಗ ಎರಡನೆಯದನ್ನೇ ಒತ್ತಬೇಕು. ಯುಪಿಐ ವಿಷಯದಲ್ಲಿ ಒಂದೇ ಸೂತ್ರ: ಪಿನ್ ಹಾಕುವುದು ಹಣ ಹೋಗಲಿಕ್ಕೆ, ಬರಲಿಕ್ಕಲ್ಲ. ‘ಹಣ ಹಾಕ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದವನು ಹಣ ಒಯ್ಯಲು ಬಂದವನು.

ಸುದ್ದಿಯ ಪರೀಕ್ಷೆ ಇನ್ನೂ ಕಷ್ಟದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರಿಗೆ ಆ ಗೇಟು ಎಂದರೆ ಭತ್ತ. ಇದ್ದ ನೀರೆಲ್ಲ ಹೊಳೆಗೆ ಹೋದರೆ ಕಾಲುವೆಗೆ ಏನು ಉಳಿದೀತು ಎಂಬ ದಿಗಿಲು ಮನೆಮನೆಯಲ್ಲಿತ್ತು. ಇಂಥ ದಿನಗಳಲ್ಲಿ ಎಲ್ಲಿಯದೋ ಅಣೆಕಟ್ಟೆಯ ಹಳೆಯ ವಿಡಿಯೊ ಹೊಸ ಹೆಸರಿನಲ್ಲಿ ಹೊರಟುಬಿಡುತ್ತದೆ. ನೋಡಿದವರು ಮಾಡಬೇಕಾದದ್ದು ಕಷ್ಟವೇನಲ್ಲ. ‘ತುಂಗಭದ್ರಾ 19ನೇ ಗೇಟ್’ ಎಂದು ಮೂರೇ ಪದ ಬರೆದು ಹುಡುಕಬೇಕು. ಪುಟದ ಮೇಲಿರುವ ‘ಸುದ್ದಿ’ ಎಂಬ ವಿಭಾಗ ಒತ್ತಬೇಕು. ಎರಡು ಮೂರು ಪತ್ರಿಕೆಗಳು ಒಂದೇ ಮಾತು ಹೇಳುತ್ತಿವೆಯೇ, ತಾರೀಖು ಇಂದಿನದೇ ಎಂದು ನೋಡಬೇಕು. ಫೋಟೊ ಇದ್ದರೆ ಗೂಗಲ್ ಲೆನ್ಸಿಗೆ ಕೊಟ್ಟರೆ ಅದು ಮೊದಲು ಎಲ್ಲೆಲ್ಲಿ ಕಾಣಿಸಿಕೊಂಡಿತ್ತೆಂದು ಹೇಳಬಲ್ಲದು. ಆ ಸಲ ವಾರದೊಳಗೆ, ಹರಿವ ನೀರಿನಲ್ಲಿಯೇ, ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟ್ ಇಳಿಸಿ ನೀರು ನಿಲ್ಲಿಸಲಾಯಿತು. ಆ ಸುದ್ದಿಯನ್ನು ಸರಿಯಾದ ಕಡೆ ಓದಿದವರು ಒಂದು ರಾತ್ರಿಯಾದರೂ ಮೊದಲು ನಿದ್ದೆ ಮಾಡಿರಬೇಕು.

ಹುಡುಕುವಾಗ ಪೂರ್ತಿ ವಾಕ್ಯ ಬೇಕಿಲ್ಲ, ಊರು ಬೇಕು. ‘ಹತ್ತಿಗೆ ಎಷ್ಟು ರೇಟು’ ಎಂದರೆ ಗುಜರಾತಿನದೂ ಬಂದೀತು; ‘ರಾಯಚೂರು ಎಪಿಎಂಸಿ ಹತ್ತಿ ದರ’ ಎಂದರೆ ಹತ್ತಿರದ್ದು ಬರುತ್ತದೆ. ದೇಶದ ಮಾರುಕಟ್ಟೆಗಳ ದಿನದ ದರ ‘ಆಗ್‌ಮಾರ್ಕ್‌ನೆಟ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿದೆ. ಅಂಕಿತ ನೋಡಿದಿರಲ್ಲ?

ಅಕ್ಷರ ಒತ್ತಲು ಬೆರಳು ಬಾರದವರಿಗೆ ಮೈಕಿನ ಗುರುತು ಇದೆ. ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ರಾಯಚೂರಿನ ಮಾತು ಅದಕ್ಕೆ ಒಮ್ಮೊಮ್ಮೆ ತಿಳಿಯದು. ‘ಹೊಂಟೀನಿ’ ಎಂದರೆ ತಡವರಿಸುತ್ತದೆ, ಆಗ ಬರೀ ಹೆಸರುಪದಗಳನ್ನು ನಿಧಾನ ಹೇಳಿದರೆ ಸಾಕು. ಈ ಸೌಕರ್ಯ ಸುಮ್ಮನೆ ಬಂದದ್ದಲ್ಲ. ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸ ಕೊಟ್ಟ ಕೆ.ಪಿ. ರಾವ್, 1998ರಲ್ಲಿ ‘ಬರಹ’ ತಂತ್ರಾಂಶ ಹೊರತಂದ ಶೇಷಾದ್ರಿವಾಸು, ‘ನುಡಿ’ ರೂಪಿಸಿದ ಕನ್ನಡ ಗಣಕ ಪರಿಷತ್ತು, 2003ರಿಂದ ಕನ್ನಡ ವಿಕಿಪೀಡಿಯಕ್ಕೆ ಸಂಬಳವಿಲ್ಲದೆ ಬರೆಯುತ್ತಿರುವವರು, ಇವರೆಲ್ಲರ ಬೆವರು ಅದರಲ್ಲಿದೆ. ಕನ್ನಡದಲ್ಲಿ ಹುಡುಕಿದಷ್ಟೂ ಆ ಕೆಲಸಕ್ಕೆ ಬೆಲೆ ಬರುತ್ತದೆ. ಇಂಗ್ಲಿಷ್ ಪುಟ ಎದುರಾದರೆ ಕ್ರೋಮಿನ ಮೂರು ಚುಕ್ಕೆಯ ಒಳಗೆ ಅನುವಾದದ ಆಯ್ಕೆ ಇದೆ. ಭಾಷೆ ಸೊಗಸಾಗಿರದು, ವಿಷಯ ತಿಳಿಯುತ್ತದೆ.

ಫೋನು ಇಲ್ಲದವರು ಅಂಗಡಿಯ ಕಂಪ್ಯೂಟರಿಗೇ ಹೋಗಬೇಕು. 371(ಜೆ) ಪ್ರಮಾಣಪತ್ರಕ್ಕೋ ವಿದ್ಯಾರ್ಥಿವೇತನಕ್ಕೋ ಅರ್ಜಿ ಹಾಕಲು ಹೋದ ಹುಡುಗ ಆಧಾರಿನ ಪಿಡಿಎಫ್ ಇಳಿಸಿ, ಅಚ್ಚು ಹಾಕಿಸಿ, ಹಾಗೆಯೇ ಬಿಟ್ಟು ಎದ್ದು ಬರುತ್ತಾನೆ. ಆ ಕಡತ ಅಲ್ಲಿಯೇ ಉಳಿಯುತ್ತದೆ. ಅಳಿಸಿ, ಕಸದಬುಟ್ಟಿಯಿಂದಲೂ ತೆಗೆಸಿ, ಮೇಲ್ ತೆರೆದಿದ್ದರೆ ಲಾಗ್‌ಔಟ್ ಮಾಡಿ ಏಳುವುದು ಅಂಗಡಿಯವರ ಮೇಲಿನ ಅನುಮಾನವಾಗುವುದಿಲ್ಲ, ಮನೆಯ ಬಾಗಿಲು ಹಾಕಿಕೊಂಡು ಬಂದಂತೆ ಅಷ್ಟೆ. ಮೊದಲ ಎಂಟಂಕಿ ಮುಚ್ಚಿದ ಆಧಾರ್ ಪ್ರತಿ ‘ಯುಐಡಿಎಐ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿ ಸಿಗುತ್ತದೆ, ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವೂ ಅಲ್ಲೇ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು; ಕಂಪ್ಯೂಟರ್ ಇರುವ ಕಡೆಗಳಲ್ಲಿ ಕಲಿಯಲು ಅದಕ್ಕಿಂತ ನಿರಾಳ ಜಾಗವಿಲ್ಲ.

ಇಷ್ಟೆಲ್ಲ ಗೊತ್ತಿದ್ದವರೂ ಬೀಳುತ್ತಾರೆ. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರ ಬಗ್ಗೆ ಪ್ರಧಾನಿ 2024ರ ಅಕ್ಟೋಬರ್ 27ರ ಮನದ ಮಾತಿನಲ್ಲಿ ಎಚ್ಚರಿಸಿದಾಗ ಕೇಳಿಸಿದ ಕರೆ ವಿಜಯಪುರದ ಒಬ್ಬರಿಗೆ ಬಂದದ್ದು. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಹಣ ಹೋದರೆ ಅಳುತ್ತ ಕೂರದೆ, ನಾಚಿಕೊಂಡು ಮುಚ್ಚಿಡದೆ, ಆ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯಲು ಆಗುತ್ತದೆ. ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ತಾಣದಲ್ಲಿ ಬರೆದೂ ಕೊಡಬಹುದು. ಜಿಲ್ಲೆಗೊಂದು ಸೈಬರ್ ಪೊಲೀಸ್ ಠಾಣೆ ಇದೆ. ಮೋಸ ಹೋದ ಅಪ್ಪನನ್ನು ಬೈದ ಮಕ್ಕಳು ಅವರ ಬಾಯನ್ನೇ ಕಟ್ಟಿಹಾಕುತ್ತಾರೆ. ಅಮೂಲ್ಯವಾದ ಆ ಮೊದಲ ತಾಸು ಹಾಗೆ ಕಳೆದುಹೋಗುತ್ತದೆ.

ಚಕ್ರ ತಿರುಗಿ ತಿರುಗಿ ನಿಂತಿತು. ಪಹಣಿ ಬಂತು. ತಾತ ಕನ್ನಡಕ ಸರಿಮಾಡಿಕೊಂಡು ಮೊದಲು ನೋಡಿದ್ದು ಹೆಸರಿನ ಕಾಲಮ್ಮನ್ನು, ಆಮೇಲೆ ಎಕರೆ ಗುಂಟೆಯನ್ನು, ಆಮೇಲೆ ಸಾಲದ ಕಾಲಮ್ಮನ್ನು. ಎರಡು ಬೆರಳಿಂದ ಹಿಗ್ಗಿಸಿ ಮತ್ತೆ ಹೆಸರಿಗೆ ಬಂದರು.

“ಇದು ಮುಂದಿನ ಸಲ ಹೆಂಗ ಸಿಗಬೇಕವ್ವಾ? ನೀ ಕಾಲೇಜಿಗೆ ಹೋಗಿರ್ತಿ.”

ಮೊಮ್ಮಗಳು ಮೂರು ಚುಕ್ಕೆ ಒತ್ತಿಸಿ, ಆ ಪುಟವನ್ನು ಫೋನಿನ ಮುಖಪುಟಕ್ಕೇ ಸೇರಿಸುವುದನ್ನು ತೋರಿಸಿದಳು. ಒಮ್ಮೆ ಸರಿಯಾದ ಮನೆ ಸಿಕ್ಕ ಮೇಲೆ ಮತ್ತೆ ಅಗಸೆಗೆ ಹೋಗುವ ಗೋಜಿಲ್ಲ. ತಾತ ತಲೆಯಾಡಿಸಿದರು, ಆದರೂ ಒಳಗೆ ಹೋಗಿ ಕ್ಯಾಲೆಂಡರನ್ನೂ ಪೆನ್ನನ್ನೂ ತಂದರು. ಹಾಳೆಯ ಹಿಂದೆ, ಸಾಲದ ಲೆಕ್ಕದ ಪಕ್ಕದಲ್ಲಿ, ಅವಳು ಒಂದೊಂದೇ ಅಕ್ಷರ ಹೇಳುತ್ತ ಹೋದಂತೆ ಬರೆಯತೊಡಗಿದರು. ‘ಕರ್ನಾಟಕ’ ಮುಗಿದಾಗ ಪೆನ್ನು ನಿಂತಿತು.

“ಇಲ್ಲಿ ಚುಕ್ಕಿ ಇಡಬೇಕಲ್ಲಾ?”

“ಹೂಂ ತಾತ, ಇಡು.”

ಪೆನ್ನಿನ ತುದಿಯನ್ನು ಒತ್ತಿ ತಿರುಗಿಸಿ, ಜೋಳದ ಕಾಳಿನಷ್ಟು ದಪ್ಪ ಒಂದು ಚುಕ್ಕೆ ಇಟ್ಟು, ತಾತ ಮುಂದಿನ ಅಕ್ಷರಕ್ಕೆ ಕಿವಿಗೊಟ್ಟರು.